ದೊಡ್ಡಮ್ಮನ ಅಳತೆ

ಟೈಲರ್ ಮಾಸ್ತರರ ದೂರು ಇಷ್ಟೇ: ಈ ಮನೆಯಲ್ಲಿ ದೊಡ್ಡಮ್ಮನ ಆರೋಗ್ಯದ ಬಗ್ಗೆ ತಲೆ ಕೆಡಿಸಿಕೊಂಡವರು ತಾವೊಬ್ಬರೇ. ದೊಡ್ಡಮ್ಮ ಎಂದರೆ ಅವರ ಇಪ್ಪತ್ತೆರಡು ವರ್ಷದ ಕಾರು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಂಗಡಿಯ ಮುಂದಿನ ಇಳಿಜಾರೇ ದೊಡ್ಡಮ್ಮನ ಬಿಡಾರ. ಮೂತಿ ಮೇಲೆ, ಬೆನ್ನು ಕೆಳಗೆ ಮಾಡಿಕೊಂಡು ಅದು ಅಲ್ಲಿ ನಿಂತಿರುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಿಟಕಿಯಲ್ಲಿ ಕಾಣುವುದು ಅದೇ ಮೂತಿ. ಕಾಣುವುದೇ ತಪ್ಪಾಯಿತು ಎನ್ನುತ್ತಾರೆ ಅವರ ಹೆಂಡತಿ. (ಆಕೆ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತು ಗುಂಡಿ ಹಾಕುತ್ತಾರೆ, ಕಾಜಾ ಹೊಲಿಯುತ್ತಾರೆ, ಮತ್ತು ಎಲ್ಲವನ್ನೂ ಗಮನಿಸುತ್ತಾರೆ.)

ಅಳತೆಯ ವಿಷಯದಲ್ಲಿ ಮಾಸ್ತರರು ಮಹಾ ಕಟ್ಟುನಿಟ್ಟು. ಗೋಡೆಯ ಮೇಲೆ ಸ್ವಹಸ್ತಾಕ್ಷರದ ಬೋರ್ಡೊಂದು ತೂಗುತ್ತಿದೆ: ‘ಅಳತೆ ಕೊಡುವವರು ನೇರವಾಗಿ ನಿಲ್ಲಿ. ಊಟ ಮಾಡಿದ ತಕ್ಷಣ ಬರಬೇಡಿ.’ ಓರೆಯಾಗಿ ನಿಂತವನ ಅಳತೆ ಸುಳ್ಳು, ಹೊಟ್ಟೆ ಬಿರಿಯ ಉಂಡವನ ಅಳತೆ ಇನ್ನೂ ದೊಡ್ಡ ಸುಳ್ಳು ಎಂಬುದು ಮೂವತ್ತು ವರ್ಷಗಳ ಅವರ ಘನ ಸಂಶೋಧನೆ. ಉಂಡು ಬಂದರೆಂಬ ಒಂದೇ ಕಾರಣಕ್ಕೆ ಬ್ಯಾಂಕ್ ಮ್ಯಾನೇಜರರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ ಧೀರ ಅವರು.

ಹೀಗಿರುವಾಗ ಪ್ಯಾಂಟಿನ ಗಿರಾಕಿಯೊಬ್ಬರು ಹೋಗುವಾಗ ಸುಮ್ಮನೆ ಹೋಗದೆ, ಹಳೇ ಗಾಡಿಗಳು ಒಳಗೊಳಗೇ ಆಯಿಲ್ ಕುಡಿದುಬಿಡುತ್ತವೆ, ಸ್ವಲ್ಪ ನೋಡಿಕೊಳ್ಳಿ ಎಂದು ಮಾಸ್ತರರ ತಲೆಗೆ ಹುಳ ಬಿಟ್ಟು ಹೋದರು. ಗಿರಾಕಿಯ ನೆರಳು ರಸ್ತೆ ದಾಟುವಷ್ಟರಲ್ಲಿ ಮಾಸ್ತರರು ಬಾನೆಟ್ ಎತ್ತಿಯಾಗಿತ್ತು. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ತೂರಿಸಿ ಎಳೆದರೆ, ಇರಬೇಕಾದ ಗುರುತಿಗಿಂತ ಆಯಿಲ್ ಒಂದು ಬೆರಳು ಕೆಳಗೆ! ಗುರುತು ಮುಟ್ಟುವವರೆಗೂ ಸುರಿದರು. ಎರಡು ಡಬ್ಬಿ ಹಿಡಿಯಿತು. ಪಾಪ, ಎಷ್ಟು ದಿನದಿಂದ ಉಪವಾಸವಿತ್ತೋ ಎಂದು ಅವರ ಕಣ್ಣಂಚು ಒದ್ದೆಯಾಯಿತು.

ಆಯಿಲಿನ ಪಕ್ಕದಲ್ಲೇ ಎಂಜಿನ್ ತಣ್ಣಗಿಡುವ ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ ಕನಿಷ್ಠ, ಗರಿಷ್ಠದ ಎರಡು ಗೀಟು. ಹಸಿರು ನೀರು ಅವೆರಡರ ನಡುವೆ ಇತ್ತು. ಆದರೆ ಮಾಸ್ತರರು ಮಕ್ಕಳ ಅಂಗಿಯ ಹೊಲಿಗೆಯೊಳಗೂ ಮುಂದೆ ಬೇಕಾದೀತೆಂದು ಒಂದಿಂಚು ಬಟ್ಟೆ ಬಿಡುವವರು. ಇಂಥ ಜಿಪುಣತನ ಅವರಿಗೆ ಹಿಡಿಸಲಿಲ್ಲ. ಡಬ್ಬಿಯ ಕತ್ತಿನವರೆಗೂ ತುಂಬಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಸಂಜೆ ಪೇಟೆಗೆ ಹೋಗಿ ಬಂದು ನೋಡಿದರೆ ನೀರು ಗುರುತಿನಲ್ಲೇ ಇತ್ತು. ಬೆಳಿಗ್ಗೆ ನೋಡಿದರೆ ಎರಡಿಂಚು ಮಾಯ.

ಅಂದಿನಿಂದ ಮಾಸ್ತರರ ಕಾಲು ಒಂದು ಕಡೆ ನಿಲ್ಲಲಿಲ್ಲ. ಬೆಳಿಗ್ಗೆ ತುಂಬಿಸುವುದು, ಸಂಜೆ ಸಮಾಧಾನಪಡುವುದು, ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಳ್ಳುವುದು. ಸೋರುತ್ತಿರಬಹುದೆಂದು ಅತ್ಯುತ್ತಮ ಬಿಳಿ ಲೈನಿಂಗ್ ಬಟ್ಟೆಯನ್ನು ಮಲಗುವ ಮುಂಚೆ ಗಾಡಿಯ ಕೆಳಗೆ ಹಾಸಿ ಬಂದರು. ಬೆಳಿಗ್ಗೆ ಅದರ ಮೇಲೆ ಒಂದು ಹನಿಯೂ ಇರಲಿಲ್ಲ, ಬೆಕ್ಕೊಂದು ಮಲಗಿತ್ತು. ಕೂಲೆಂಟು ಎಂಜಿನ್ನಿನ ಒಳಗೇ ಉರಿದು ಹೊಗೆಯಾಗುತ್ತಿರಬಹುದೆಂದು ಸೈಲೆನ್ಸರಿಗೆ ಕರವಸ್ತ್ರ ಹಿಡಿದು ಮೂಸಿದರು. ಅರ್ಧ ತೋಳು ಹೊಲಿದು ಎದ್ದು ನೋಡುವುದು, ಕಾಲರ್ ಕತ್ತರಿಸುತ್ತ ಎದ್ದು ನೋಡುವುದು. ಎಂಟನೆಯ ದಿನ ಅವರು ಹೆದರುತ್ತಿದ್ದದ್ದೇ ಆಯಿತು. ಪೇಟೆಯ ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಆಯಿಲ್ ಒತ್ತಡದ ಕೆಂಪು ದೀಪ ಮಿಣಕ್ ಮಿಣಕ್ ಎಂದಿತು.

ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದರು. ದೊಡ್ಡಮ್ಮನಿಗೆ ಒತ್ತಡ ಕಮ್ಮಿಯಾಗಿದೆಯಂತೆ.

“ಹೌದಾ? ನನಗೆ ಜಾಸ್ತಿಯಾಗಿದೆ,” ಎಂದರು ಹೆಂಡತಿ. “ಎಂಟು ದಿನದಲ್ಲಿ ನೀವು ಹೊಲಿದಿರೋದು ಒಂದೇ ಶರ್ಟು, ಮ್ಯಾನೇಜರದ್ದು. ಅದಕ್ಕೆ ಎರಡೂ ಎಡಗಡೆ ತೋಳು.”

ಮಾಸ್ತರರು ಶರ್ಟನ್ನು ಎತ್ತಿ ಹಿಡಿದು ನೋಡಿದರು. ಮಾತು ಸುಳ್ಳಾಗಿರಲಿಲ್ಲ.

“ನೋಡಿ, ಭಾನುವಾರದೊಳಗೆ ಅದರ ಕಾಯಿಲೆ ಏನು ಅಂತ ಗೊತ್ತಾಗ್ಬೇಕು. ಇಲ್ಲ ಅಂದ್ರೆ ಅವತ್ತು ಗುಜರಿಯವರಿಗೆ ಬರೋಕೆ ಹೇಳಿದೀನಿ. ಗಾಡಿ ಇರ್ಬೇಕು, ಇಲ್ಲ ಅಂಗಡಿ ಇರ್ಬೇಕು.”

ಮಾಸ್ತರರು ಕಿಟಕಿಯಾಚೆ ದೊಡ್ಡಮ್ಮನ ಮೂತಿ ನೋಡಿದರು. ಮಗಳನ್ನು ಮೂರು ದಿನದ ಕೂಸಾಗಿ ಆಸ್ಪತ್ರೆಯಿಂದ ಮನೆಗೆ ತಂದದ್ದು ಇದೇ ಗಾಡಿಯಲ್ಲಿ, ಇಪ್ಪತ್ತು ವರ್ಷದ ಮೇಲೆ ಹಾಸ್ಟೆಲಿಗೆ ಬಿಟ್ಟು ಬಂದದ್ದೂ ಇದೇ ಗಾಡಿಯಲ್ಲಿ. ವಾಪಸ್ ಬರುವಾಗ ಗಂಡ ಹೆಂಡತಿ ಇಬ್ಬರೂ ಮಾತಾಡದೆ ಅತ್ತದ್ದನ್ನು ಕಂಡದ್ದು ದೊಡ್ಡಮ್ಮ ಒಂದೇ. ಅದನ್ನು ತಕ್ಕಡಿಗೆ ಹಾಕುವುದೆಂದರೆ ಏನು? ಶನಿವಾರ ಬೆಳಿಗ್ಗೆಯೇ ಅವರು ಮೇಸ್ತ್ರಿಯನ್ನು ಕರೆತಂದರು.

ಮೇಸ್ತ್ರಿ ಎಂದರೆ ಆ ಬೀದಿಯ ಹಿರಿಯ ಮೆಕ್ಯಾನಿಕ್. ಮಾತು ಕಮ್ಮಿ, ಕೈ ಜಾಸ್ತಿ. ಮಾಸ್ತರರು ಎಂಟು ದಿನದ ರೋಗಲಕ್ಷಣಗಳನ್ನು ದಿನಾಂಕ ಸಮೇತ ವರದಿ ಮಾಡುತ್ತಿದ್ದರೆ ಮೇಸ್ತ್ರಿ ಗಾಡಿ ಹತ್ತಿ, ಅದನ್ನು ಇಳಿಜಾರಿನಿಂದ ಇಳಿಸಿ, ಸಮತಟ್ಟಾದ ರಸ್ತೆಯಲ್ಲಿ ನಿಲ್ಲಿಸಿದರು. ಎಂಜಿನ್ ಆರಲಿ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಚಹಾಕ್ಕೆ ಹೋದರು. ಆ ಒಂದು ಗಂಟೆಯಲ್ಲಿ ಮಾಸ್ತರರು ಹನ್ನೊಂದು ಸಲ ಎದ್ದು ಬಾಗಿಲಿಗೆ ಹೋಗಿ ಬಂದರು. (ಎಣಿಸಿದವರು ಹೆಂಡತಿ.)

ಮೇಸ್ತ್ರಿ ಬಂದು ಕಡ್ಡಿ ಎಳೆದು ನೋಡಿದರು, ಮಾಸ್ತರರ ಮುಖ ನೋಡಿದರು, ಮತ್ತೆ ಕಡ್ಡಿ ನೋಡಿದರು.

“ಆಯಿಲ್ ಯಾವಾಗ ನೋಡಿದ್ರಿ? ಗಾಡಿ ಎಲ್ಲಿ ನಿಂತಿತ್ತು?”

ಇಳಿಜಾರಿನಲ್ಲಿ, ಎಂದಿನ ಜಾಗದಲ್ಲೇ, ಎಂದರು ಮಾಸ್ತರರು.

“ಅಲ್ಲಿ ಓರೆಯಾಗಿ ನಿಂತಿರುತ್ತೆ. ಆಯಿಲ್ ಎಲ್ಲಾ ಹಿಂದಕ್ಕೆ ಸರಿದು ಕಡ್ಡೀಲಿ ಕಮ್ಮಿ ತೋರ್ಸುತ್ತೆ. ಸರಿಯಾಗಿದ್ದ ಆಯಿಲಿಗೆ ನೀವು ಎರಡು ಡಬ್ಬಿ ಸುರಿದಿದೀರಿ. ಈಗ ಅದು ಒಳಗೆ ಕಡೆದು ಕಡೆದು ನೊರೆ ಆಗ್ತಿದೆ. ಪಂಪಿಗೆ ನೊರೆ ಸಿಕ್ಕಿದ್ರೆ ಒತ್ತಡ ಎಲ್ಲಿಂದ ಬರ್ಬೇಕು?”

ಹಾಗಾದರೆ ಕೂಲೆಂಟು? ಅದೂ ಹಾಗೆಯೇ ಎಂದರು ಮೇಸ್ತ್ರಿ. ಬಿಸಿಯಾದಾಗ ನೀರು ಉಬ್ಬುತ್ತದೆ. ಅದಕ್ಕೇ ಡಬ್ಬಿಯಲ್ಲಿ ಖಾಲಿ ಜಾಗ ಬಿಟ್ಟಿರುವುದು. ಕತ್ತಿನವರೆಗೆ ತುಂಬಿದರೆ ಹೆಚ್ಚಾದದ್ದನ್ನು ದಾರಿಯಲ್ಲೇ ಆಚೆ ಉಗುಳುತ್ತದೆ. ಸಂಜೆ ಬಿಸಿಯಲ್ಲಿ ಭರ್ತಿ ಕಾಣುತ್ತದೆ, ಬೆಳಿಗ್ಗೆ ತಣ್ಣಗಾಗಿ ಇಳಿಯುತ್ತದೆ. ಮಾಸ್ತರರು ಮತ್ತೆ ತುಂಬುತ್ತಾರೆ, ಅದು ಮತ್ತೆ ಉಗುಳುತ್ತದೆ. ಆಮೇಲೆ ಮೇಸ್ತ್ರಿ ಹೆಚ್ಚಿನ ಆಯಿಲನ್ನೆಲ್ಲ ಇಳಿಸಿ ಗಾಡಿ ಓಡಿಸಿ ತಂದಾಗ ಕೆಂಪು ದೀಪ ಒಮ್ಮೆಯೂ ಕಣ್ಣು ಬಿಡಲಿಲ್ಲ. ಗಾಡಿಗೆ ಕಾಯಿಲೆ ಇಲ್ಲ, ಆರೈಕೆ ಜಾಸ್ತಿಯಾಗಿದೆ, ಅಷ್ಟೇ ಎಂದು ಮೇಸ್ತ್ರಿ ಕೈ ಒರೆಸಿಕೊಂಡು ಹೊರಟರು.

ಆಮೇಲೆ ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತು, ಗೋಡೆಯ ಬೋರ್ಡನ್ನು ಮೊದಲ ಸಲ ನೋಡಿದವರಂತೆ ಗಟ್ಟಿಯಾಗಿ ಓದಿದರು.

“ಅಳತೆ ಕೊಡುವವರು ನೇರವಾಗಿ ನಿಲ್ಲಿ. ಊಟ ಮಾಡಿದ ತಕ್ಷಣ ಬರಬೇಡಿ.” ಓದಿ ಮುಗಿಸಿ ಕೇಳಿದರು, “ಅಲ್ಲಾ ರೀ, ಇದನ್ನ ಬರೆದೋರು ಯಾರು?”

ಮಾಸ್ತರರು ಮ್ಯಾನೇಜರರ ಶರ್ಟಿನ ತಪ್ಪು ತೋಳನ್ನು ಬಿಚ್ಚುವುದರಲ್ಲಿ ತಲ್ಲೀನರಾದರು. ಒಂದು ತೋಳು ಬಿಚ್ಚಿ ಮುಗಿದ ಮೇಲೆ, ತಾವು ಬಿಚ್ಚಿದ್ದು ಸರಿಯಾಗಿಯೇ ಇದ್ದ ತೋಳನ್ನು ಎಂಬುದು ತಿಳಿಯಿತು.

ಭಾನುವಾರ ಗುಜರಿಯವರು ತಕ್ಕಡಿ, ಹಗ್ಗ, ಇಬ್ಬರು ಆಳುಗಳ ಸಮೇತ ಬಂದರು. ಸಮತಟ್ಟಾದ ರಸ್ತೆಯಲ್ಲಿ ನಿಂತಿದ್ದ ದೊಡ್ಡಮ್ಮನನ್ನು ಸುತ್ತಿ ನೋಡಿ, ಇದೇನಾ ಗಾಡಿ ಎಂದು ಕೇಳಿದರು. ಮಾಸ್ತರರು ಹೊಲಿಗೆ ಯಂತ್ರದ ಮುಂದಿನಿಂದಲೇ ಕಿಟಕಿಗೆ ಕತ್ತು ಚಾಚಿದರು.

“ಗಾಡಿ ಚೆನ್ನಾಗಿದೆ, ಅದನ್ನ ಮುಟ್ಬೇಡಿ,” ಎಂದರು ಹೆಂಡತಿ, ಆಯಿಲ್ ಮತ್ತು ಕೂಲೆಂಟಿನ ಖಾಲಿ ಡಬ್ಬಿಗಳ ಮೂಟೆಯನ್ನು ತಂದಿಡುತ್ತ. “ಅದರ ಔಷಧಿ ಬಾಟ್ಲಿಗಳಿವೆ, ಇವನ್ನ ತಗೊಂಡು ಹೋಗಿ.”

ಗುಜರಿಯವರು ಅತ್ತ ಹೋದ ಮೇಲೆ ಸಂತೋಷ ತಡೆಯಲಾರದೆ ಮಾಸ್ತರರು ಯಂತ್ರ ಬಿಟ್ಟೆದ್ದರು. ಒಂದೇ ಒಂದು ಸಲ, ಸುಮ್ಮನೆ ನೋಡಿ ಬರೋಣವೆಂದು ಬಾನೆಟ್ಟಿನ ಬಳಿ ಹೋದರೆ, ಅಂಗಡಿಯ ಬೋರ್ಡು ಅಲ್ಲಿ ನೇತಾಡುತ್ತಿತ್ತು. ಅವರ ಎರಡು ಸಾಲುಗಳ ಕೆಳಗೆ, ಅವರದೇ ಸೀಮೆಸುಣ್ಣದಲ್ಲಿ, ಹೆಂಡತಿಯ ಅಕ್ಷರದಲ್ಲಿ ಮೂರನೆಯದೊಂದು ಸೇರಿತ್ತು: ‘ಟೈಲರಿಗೆ ಅಳತೆ ಕೊಡಲಾಗುವುದಿಲ್ಲ.’