ನೀರಿಗೆ ಮುಟ್ಟದ ಇಳಿಜಾರು

ನಗುವ ಸಂಗತಿ ಹುಡುಕಿಕೊಂಡು ನಾನೆಂದೂ ಹೋದವನಲ್ಲ. ಸರ್ಕಾರಿ ನೌಕರಿಯಲ್ಲಿ ಅವೇ ಫೈಲು ಹಿಡಿದುಕೊಂಡು ನನ್ನ ಮೇಜಿಗೆ ಬರುತ್ತಿದ್ದವು.

೧. ಅಳತೆ

ನೌಕರಿಗೆಂದು ನಾನು ಸೇರಿದ್ದ ಬಂಗಾಳಿ ಊರಿನ ಸಾಲ್ಟ್ ಲೇಕ್‌ನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ಕಚೇರಿಗೂ ಕಂಪ್ಯೂಟರ್ ಬಂತು. ಅದರಲ್ಲಿ ಬರೆದ ಮೊದಲ ನಕ್ಷೆ ನನ್ನದೇ: ಹುಲಿಕಾಡಿನ ರಾಷ್ಟ್ರೀಯ ಉದ್ಯಾನದಲ್ಲಿ ಗಾಲಿಕುರ್ಚಿಯವರೂ ದೋಣಿ ಹತ್ತಲಿ ಅಂತ ಒಂದು ಇಳಿಜಾರು. ಕಾಲು ಬಿದ್ದುಹೋಗಿದ್ದ ನನ್ನ ಹೆಂಡತಿಗೆ ಆ ಕಾಡು ನೋಡುವ ಆಸೆ. ಡಾಕ್ಟರು ಆಗಲೇ ಕೈಚೆಲ್ಲಿದ್ದರು. "ರೀ, ನಾನಿರೋವಾಗ್ಲೇ ಮುಗಿಸ್ರೀ" ಅನ್ನೋಳು.

ಅಳತೆಗೆ ಮೂರು ಸಲ ಹೋದೆ. ನಮ್ಮ ಮೋಟಾರು ಲಾಂಚು ದಡ ಸೇರುತ್ತಿದ್ದುದೇ ಕಡಲಿನ ಉಬ್ಬರಕ್ಕೆ ನದಿ ತುಂಬಿದಾಗ. ಮೂರು ಸಲವೂ ನೀರು ಅಲ್ಲೇ ಇತ್ತು. "ನೀರಿನ ಮಟ್ಟ ಸ್ಥಿರವಾಗಿದೆ" ಅಂತ ವರದಿ ಬರೆದ ಪುಣ್ಯಾತ್ಮ ನಾನು.

೨. ಆರು ಗಂಟೆ

ಇಳಿಜಾರು ಮುಗಿದ ವಾರವೇ ಅವಳನ್ನು ಕಾರಿನಲ್ಲಿ ಕರೆದೊಯ್ದೆ. ಕುರ್ಚಿ ತಳ್ಳಿಕೊಂಡು ತುದಿಗೆ ಹೋದರೆ ನೀರೇ ಇಲ್ಲ! ಎರಡಾಳು ಕೆಳಗೆ ಕೆಸರು, ಕೆಸರಲ್ಲಿ ದೋಣಿ.

"ದಾದಾ, ನೀರು ಇಳಿದಿದೆ. ಸಂಜೆ ಬರುತ್ತೆ" ಅಂದ ದೋಣಿಯವನು.

ಕಾದೆವು. ಪುಳಿಯೋಗರೆ ತಿಂದೆವು. ಮದುವೆಯ ದಿನದಿಂದ ಹಿಡಿದು ಎಲ್ಲ ಮಾತೂ ಆಡಿದೆವು. ಸಂಜೆ ನೀರು ಬಂತು, ಅದರ ಹಿಂದೆಯೇ ಕಾವಲುಗಾರನೂ ಬಂದ: "ಟೈಮ್ ಆಯ್ತು, ಉದ್ಯಾನ ಬಂದ್!"

ನನಗೆ ಅಳುವೇ ಬಂತು. ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅವನಿಂದ ಸಲಹೆ ಪುಸ್ತಕ ತರಿಸಿ, ನನಗೆ ಕಾಣದ ಹಾಗೆ ಏನೋ ಬರೆದಳು.

೩. ದೂರು

ತಿಂಗಳೊಳಗೆ ಅವಳು ಹೋಗಿಬಿಟ್ಟಳು. ಕರ್ಮಾಂತರ ಮುಗಿಸಿ ಕಚೇರಿಗೆ ಹೋದರೆ ಮೇಜಿನ ಮೇಲೊಂದು ಫೈಲು. ಉದ್ಯಾನದಿಂದ ಬಂದ ದೂರು, ಯಾರಿಗೂ ಓದಲು ಬಾರದ ಲಿಪಿ. ಕನ್ನಡದವನು ನಾನೊಬ್ಬನೇ ಅಂತ, "ಓದಿ, ಉತ್ತರಿಸಿ" ಎಂದು ಹೊಸ ಮೇಲಧಿಕಾರಿ ಷರಾ ಬರೆದಿದ್ದರು.

ಅವಳ ಅಕ್ಷರ. "ಇಳಿಜಾರು ಚೆನ್ನಾಗಿದೆ. ಕಟ್ಟಿದ ಮಹಾನುಭಾವರಿಗೆ ನದಿ ನೀರು ಇಳಿಯುತ್ತೆ ಅಂತ ಯಾರಾದ್ರೂ ಹೇಳಿ. ಆದ್ರೆ ರಿಪೇರಿ ಮಾಡಬೇಡಿ. ಇದರ ದೆಸೆಯಿಂದ ಅವರು ಆರು ಗಂಟೆ ನನ್ನ ಪಕ್ಕದಲ್ಲಿ ಕೂತಿದ್ರು."

ಅಯ್ಯೋ, ಕಚೇರಿಯಲ್ಲೇ ಅತ್ತುಬಿಟ್ಟೆ. ಆದರೂ ನಿಯಮ ನಿಯಮವೇ. "ಮಾನ್ಯರೇ, ತಪ್ಪಾಯಿತು" ಎಂದು ಉತ್ತರ ಬರೆದು ದೂರುದಾರರ ವಿಳಾಸಕ್ಕೆ, ಅಂದರೆ ನಮ್ಮ ಮನೆಗೇ, ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಪೋಸ್ಟ್‌ಮ್ಯಾನ್ ಬಂದು ಅವಳ ಹೆಸರು ಕೂಗಿದ. ಎಷ್ಟು ದಿನವಾಗಿತ್ತು ಆ ಹೆಸರು ಕೇಳಿ! "ಇಲ್ಲ" ಅಂದೆ. ಪತ್ರ ಕಚೇರಿಗೆ ವಾಪಸ್ಸಾಯಿತು. ಅಲ್ಲೂ ನಾನೇ ಸಹಿ ಹಾಕಿ ತೆಗೆದುಕೊಂಡೆ.

ಮೇಲಧಿಕಾರಿ ಲಕೋಟೆಯ ಮೇಲೆ ಪೋಸ್ಟ್‌ಮ್ಯಾನ್ ಬರೆದಿದ್ದ 'ಇಲ್ಲ' ನೋಡಿದರು. "ಮನೇಲಿ ಇಲ್ಲದಿದ್ರೆ ಏನಂತೆ, ಬರ್ತಾರೆ. ಇನ್ನೊಂದು ಸಲ ಕಳಿಸ್ರೀ" ಅಂದರು.

ಕಳಿಸಿದೆ.