ಕಾರಂಜಿಗೆ ಹೊತ್ತ ಹರಕೆ

ಬಾರದ್ದನ್ನು ಬರುತ್ತದೆ ಎನ್ನುವುದು ಸುಳ್ಳು. ಬಾರದೆಂದು ಹೇಳದೆ ಇರುವುದು ಬರೀ ಮರ್ಯಾದೆ ಎಂದು ನಾನು ಬಹುಕಾಲ ನಂಬಿದ್ದೆ. ಸ್ಕೂಟಿ ಕೊಂಡು ಮೂರು ವಾರವಾದರೂ ಅದನ್ನು ಎಡಕ್ಕೆ ಹೊರಳಿಸಲು ನನಗೆ ಬರುತ್ತಿರಲಿಲ್ಲ. ಇದು ಅವ್ವನ ಹೊರತು ಯಾರಿಗೂ ತಿಳಿದಿರಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹಲಗೆಯ ಮೇಲೆ ವೃತ್ತೀಯ ಚಲನೆಯನ್ನು ಬಿಡಿಸಿ ತೋರಿಸುವವಳು ರಸ್ತೆಯ ವೃತ್ತದಿಂದ ಹೊರಬರಲಾರಳು ಎಂದು ಮಕ್ಕಳಿಗೆ ಗೊತ್ತಾದರೆ ಮುಂದಿನ ಪಾಠವನ್ನು ಯಾವ ಮುಖ ಹೊತ್ತು ಮಾಡಲಿ?

ನಮ್ಮ ಊರಿನ ನಟ್ಟನಡುವೆ ಒಂದು ಕಾರಂಜಿ ಇದೆ. ಏಳು ಕೊಳವೆಗಳಲ್ಲಿ ಒಂದು ಚಿಮ್ಮುತ್ತದೆ, ಅದೂ ಗಾಳಿ ಹೇಳಿದ ಕಡೆಗೆ. ಸುತ್ತಲೂ ಊರಿನ ಮಾನವಂತ ಕಟ್ಟಡಗಳು: ಕಮಾನಿನ ಗ್ರಂಥಾಲಯ, ಬ್ಯಾಂಕು, ಟಾಕೀಸು. ಟಾಕೀಸಿನಲ್ಲಿ ಈಗ ಸೀರೆ ಮಾರುತ್ತಾರೆ. ಆದರೂ ಮದುವೆ ಜವಳಿಗೆ ಹೊರಟವರು “ಟಾಕೀಸಿಗೆ ಹೋಗಿ ಬರ್ತೇವಿ” ಎಂದೇ ಹೇಳಿ ಹೋಗುತ್ತಾರೆ. ಕಾಲೇಜಿನ ರಸ್ತೆ ಬ್ಯಾಂಕಿಗೂ ಟಾಕೀಸಿಗೂ ನಡುವೆ, ಎಡಕ್ಕೆ.

ಒಂದು ದಿನ ಬೆಳಿಗ್ಗೆ ಮೊದಲ ಸಲ ಸ್ಕೂಟಿಯಲ್ಲೇ ಕಾಲೇಜಿಗೆ ಹೊರಟು, ಕಾರಂಜಿಯನ್ನು ಬಲಕ್ಕಿಟ್ಟುಕೊಂಡು ಬಂದೆ. ಹೊರಳಬೇಕೆನ್ನುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂತು. ಇನ್ನೊಂದು ಸುತ್ತು ಹಾಕಿದೆ. ಈ ಸಲ ಮುದ್ದೇಬಿಹಾಳದ ಬಸ್ಸು. ಆಮೇಲೆ ಏನೂ ಅಡ್ಡ ಬರಲಿಲ್ಲ, ಕೈಯೇ ಹೊರಳಲಿಲ್ಲ. ಗಾಡಿ ನಿಲ್ಲಿಸಬಹುದಿತ್ತು, ನಿಲ್ಲಿಸಿದರೆ ಯಾರಾದರೂ ಕಾರಣ ಕೇಳುತ್ತಾರೆ. ಕಾರಂಜಿಯ ಕಟ್ಟೆಯ ಮೇಲೆ ಕೂತು ಹೂ ಮಾರುವ ಸಂಗವ್ವ ಏಳನೆಯ ಸುತ್ತಿಗೆ ನನ್ನತ್ತ ಕೈಮುಗಿದಳು. ಹನ್ನೊಂದನೆಯದಕ್ಕೆ ಸ್ಕೂಟಿ ಕಟ್ಟೆಗೆ ತಾಗಿ ತಾನೇ ನಿಂತಿತು.

“ತೀರಿತೇನ್ರಿ ಅಕ್ಕಾರ, ಹರಕಿ?” ಎಂದಳು ಸಂಗವ್ವ.

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮುದುಕನಿಗೆ ಇದು ಸರಿಬರಲಿಲ್ಲ. “ಗಾಡಿ ಮ್ಯಾಲ ಕುಂತು ಹರಕಿ ತೀರಸೋದು ಎಲ್ಲೈತಿ? ನಡಕೋತ ಹಾಕಬೇಕು.”

“ನೀ ಸುಮ್ನ ಚಾ ಕುಡಿ ಮುತ್ಯಾ. ಕಾಲೇಜಿಗೆ ಹೋಗೋರಿಗೆ ಪುರಸೊತ್ತು ಎಲ್ಲಿ ಐತಿ? ದೇವ್ರಿಗೆ ತಿಳೀತೈತಿ.”

“ಯಾವ ದೇವ್ರು? ಇದು ನಳ.”

“ನಳದಾಗ ಬರಾಕಿ ಗಂಗವ್ವ ಅಲ್ಲೇನು?”

ಮುತ್ಯಾ ಮತ್ತೆ ಚಹಾಕ್ಕೆ ತಲೆ ಬಗ್ಗಿಸಿದ. ‘ನನಗೆ ಹೊರಳಿಸಲು ಬರುವುದಿಲ್ಲ’ ಎಂದರೆ ಮುಗಿಯುತ್ತಿತ್ತು. ಆದರೆ ಬ್ಯಾಂಕಿನ ಮೆಟ್ಟಿಲ ಮೇಲೆ ನನ್ನ ತರಗತಿಯ ಇಬ್ಬರು ಹುಡುಗಿಯರು ನಿಂತು ನೋಡುತ್ತಿದ್ದರು. “ಹೌದ್ರಿ, ಹರಕಿ,” ಎಂದುಬಿಟ್ಟೆ. ಸಂಗವ್ವ ಹ್ಯಾಂಡಲ್ಲಿಗೆ ಒಂದು ಮೊಳ ಮಲ್ಲಿಗೆ ಸುತ್ತಿ, “ಚಲೋ ಗಂಡು ಸಿಗಲಿ” ಎಂದು ಇಡೀ ವೃತ್ತಕ್ಕೆ ಕೇಳುವಂತೆ ಹರಸಿದಳು. ನಾನು ಸ್ಕೂಟಿಯನ್ನು ನೂಕುತ್ತ ಕಾಲೇಜು ಮುಟ್ಟಿದೆ. ಅದನ್ನೂ ಹರಕೆಯ ಒಂದು ಭಾಗವೆಂದೇ ಜನ ತಿಳಿದರು.

ಪರೀಕ್ಷೆಯ ವಾರ ಅದೇ ಇಬ್ಬರು ಹುಡುಗಿಯರು ಚಪ್ಪಲಿ ಬಿಟ್ಟು, ಪುಸ್ತಕ ಎದೆಗವಚಿಕೊಂಡು ಕಾರಂಜಿ ಸುತ್ತುತ್ತಿದ್ದರು. ನನ್ನನ್ನು ಕಂಡು ಒಬ್ಬಳು ಮೆಲ್ಲಗೆ ಕೇಳಿದಳು: “ಮೇಡಂ, ಫಿಜಿಕ್ಸಿಗೆ ಎಷ್ಟು ಸುತ್ತು ಹಾಕಬೇಕ್ರಿ?”

ನಿಜ ಹೇಳಲು ಬಾಯಿ ತೆರೆದೆ. ಅವರ ಮುಖದಲ್ಲಿದ್ದ ಶ್ರದ್ಧೆಯನ್ನು ನನ್ನ ತರಗತಿಯಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

“ಹನ್ನೊಂದು,” ಎಂದೆ. “ಎಣಿಸಿ ಹಾಕ್ರಿ.”

ಲೆಕ್ಕ ತಪ್ಪಿದರೆ ನನಗೆ ಹಿಡಿಸುವುದಿಲ್ಲ.