ಒಂದು ತುತ್ತು ಉಳಿದರೆ

ಬೀದಿಯಲ್ಲೇ ಉಳಿದಿದ್ದ ಕಸದ ಬಿನ್ನನ್ನು ಶನಿವಾರ ಬೆಳಗ್ಗೆ ಒಳಗೆ ಎಳೆದುಕೊಳ್ಳುವಾಗ ದಿವಾಕರ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಶೆಫೀಲ್ಡಿನ ಆ ಬೀದಿಯಲ್ಲಿ ನೀವು ಬಿನ್ ಎಳೆಯುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಲೋಕಯ್ಯನವರೂ ಬಿನ್ ಎಳೆಯುತ್ತಾರೆ. "ಏನು ಡಾಕ್ಟ್ರೇ, ಸಂಜೆಗೆ ಎಂತ ಪ್ರೋಗ್ರಾಂ?" ಎಂದು ಅವರು ಕೇಳಿದರು. ವರ್ಷಗಟ್ಟಲೆ ಜಿಪಿ ಡಾಕ್ಟರಾಗಿ ಊರಿನವರ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ದಿವಾಕರನಿಗೆ ತನ್ನ ಸ್ವಂತದ ಒಂದೇ ಒಂದು ಗುಟ್ಟನ್ನು ಇಟ್ಟುಕೊಳ್ಳಲಾಗಲಿಲ್ಲ.

"ಲೀಡ್ಸ್‌ಗೆ ಹೋಗ್ತಿದೀವಿ. ಜಪಾನೀಸ್ ಊಟಕ್ಕೆ. ಶರ್ವಾಣಿ ಮದುವೆ ಮಾತುಕತೆ" ಎಂದುಬಿಟ್ಟ.

ಶರ್ವಾಣಿ ಅವನ ಒಬ್ಬಳೇ ಮಗಳು. ಲೀಡ್ಸಿನ ಆಸ್ಪತ್ರೆಯಲ್ಲಿ ಡಾಕ್ಟರು. ಕೈಟೊ ಎಂಬ ಜಪಾನಿ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಒಳ್ಳೆಯವನು, ಬಂದಾಗಲೆಲ್ಲ ತಿಳಿಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯುತ್ತಿದ್ದ. ದಿವಾಕರನೂ ಅವನ ಹೆಂಡತಿ ವಿಜಯಾಳೂ ಯಾವತ್ತೋ ಒಪ್ಪಿ ಆಗಿತ್ತು. ಒಪ್ಪಬೇಕಾಗಿದ್ದವರು ಹುಡುಗನ ತಾಯಿ ನೊರಿಕೊ ಒಬ್ಬರೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗನನ್ನು ಬೆಳೆಸಿದವರು, ಲೀಡ್ಸಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನಗು ಬಹಳ ದುಬಾರಿ. ಅವರೇ ಬೀಗರನ್ನು ಊಟಕ್ಕೆ ಕರೆದಿದ್ದರು. ಹಿಂದಿನ ದಿನ ಫೋನಿನಲ್ಲಿ ಶರ್ವಾಣಿ ಅಳುವುದೊಂದು ಬಾಕಿ.

"ಅಪ್ಪಾ, ಪ್ಲೀಸ್. ಶೀ ಜಡ್ಜಸ್ ಪೀಪಲ್ ಬೈ ಹೌ ದೇ ಈಟ್. ಏನು ಕೊಟ್ರೂ ನೋ ಅನ್ಬೇಡಿ. ತಟ್ಟೇಲಿ ಏನೂ ಬಿಡಬೇಡಿ. ಕೈಟೊನ ಕಸಿನ್ ಒಬ್ಬಳ ಬಾಯ್‌ಫ್ರೆಂಡ್ ಅರ್ಧ ಬಿಟ್ಟು ಎದ್ದನಂತೆ. ಇವ್ರು ಇನ್ನೂ ಅವನ ಹೆಸರೇ ಹೇಳಲ್ಲ!"

"ನಾನು ಬಿಡೋನಾ? ಎಲೆ ತೊಳೆದಂಗೆ ಊಟ ಮಾಡೋ ವಂಶ ನಮ್ದು" ಎಂದು ದಿವಾಕರ ಧೈರ್ಯ ಹೇಳಿದ್ದ.

ಇತ್ತ ಲೋಕಯ್ಯನವರು ಬಿನ್ನನ್ನು ಅಲ್ಲೇ ಬಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡರು. "ಜಪಾನೀಸಾ? ಅಯ್ಯೋ ಮಾರಾಯ್ರೆ! ನಾನು ಒಸಾಕಕ್ಕೆ ಹೋದಾಗ ನೋಡಿದ್ದೇನೆ. ಇಷ್ಟು ದೊಡ್ಡ ತಟ್ಟೆ, ಅದರ ಮೇಲೆ ಒಂದು ಎಲೆ, ಎಲೆಯ ಮೇಲೆ ಒಂದು ಬಟಾಣಿ. ತಿನ್ಲಿಕ್ಕೆ ಬಟಾಣಿಯೋ ಎಲೆಯೋ ಅಂತ ಗೊತ್ತಾಗುವ ಮೊದಲೇ ತಟ್ಟೆ ತೆಗೆದುಕೊಂಡು ಹೋದ್ರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಹಸಿದ ಹೊಟ್ಟೆಯಲ್ಲಿ ಮದುವೆ ಮಾತು ಆಡ್ಲಿಕ್ಕುಂಟಾ? ಚಿತ್ರಾಕ್ಷೀ, ಡಾಕ್ಟ್ರಿಗೆ ಒಂದು ತಟ್ಟೆ ಹಾಕು!"

ಅವರ ಹೆಂಡತಿ ಚಿತ್ರಾಕ್ಷಿಯ ಅಡುಗೆಮನೆಯಲ್ಲಿ ಬೆಳಗ್ಗೆಯೇ ದೊಡ್ಡ ಪಾತ್ರೆ ಒಲೆ ಏರಿತ್ತು. ಅನಾನಸ್ ಮೆಣಸ್ಕಾಯಿಯ ಘಮಕ್ಕೆ ದಿವಾಕರನ ಮೂಗು ತಾನೇ ಮುಂದಾಗಿ ಹೋಯಿತು. "ಸಂಜೆ ಒಂದು ಫಂಕ್ಷನ್ ಉಂಟು, ಅದಕ್ಕೆ ಮಾಡಿದ್ದು. ಉಪ್ಪು ಹುಳಿ ಸರಿ ಉಂಟಾ ನೋಡಿ" ಎಂದು ಆಕೆ ಗಂಡನ ಮುಖ ನೋಡಿ ಯಾಕೋ ನಕ್ಕರು.

"ಬರೀ ನಾಲಗೆ ಮೇಲೆ ಹಾಕ್ಕೊಂಡ್ರೆ ಗೊತ್ತಾಗಲ್ಲ, ಅನ್ನದ ಜೊತೆ ನೋಡ್ಬೇಕು" ಎಂದ ದಿವಾಕರ. ಇದು ಮಾತ್ರ ಅವನದೇ ತಪ್ಪು, ಬೇರೆಯವರ ಮೇಲೆ ಹಾಕುವ ಹಾಗಿಲ್ಲ. ಅನ್ನ ಬಂತು. ಇನ್ನೊಮ್ಮೆ ಬಂತು. ಕಡ್ಲೆಬೇಳೆ ಪಾಯಸದ ಸಿಹಿಯನ್ನೂ ಎರಡು ಬಟ್ಟಲು ಪರೀಕ್ಷೆ ಮಾಡಿ ಪಾಸು ಮಾಡಿದ.

"ರಾತ್ರಿ ನಿಮ್ಮ ಊಟ ಎಷ್ಟು ಹೊತ್ತಿಗೆ ಮುಗೀತದೆ?" ಎಂದು ಚಿತ್ರಾಕ್ಷಿ ಕೇಳಿದರು.

"ಬಟಾಣಿ ತಿನ್ನೋಕೆ ಎಷ್ಟು ಹೊತ್ತು ಬೇಕು? ಎಂಟಕ್ಕೆಲ್ಲ ಮುಗಿಯುತ್ತೆ" ಎಂದ ದಿವಾಕರ ತೇಗುತ್ತಾ.

ಅಲ್ಲಿಂದ ಎದುರು ಮನೆಗೆ ಹೋದ. ಸಹೋದ್ಯೋಗಿ ಮೋಹನನ ತಾಯಿ ಕಾಶೀಬಾಯಿ ಧಾರವಾಡದಿಂದ ಬಂದಿದ್ದರು. ಶನಿವಾರ ಅವರ ಬಿಪಿ ನೋಡುವುದು ದಿವಾಕರನ ವಾಡಿಕೆ. ಬೀದಿ ದಾಟುವಷ್ಟರಲ್ಲಿ ಲೋಕಯ್ಯನವರ ಫೋನು ಬೀದಿ ದಾಟಿ ಆಗಿತ್ತು.

"ಬಾರಪಾ ದಿವಾಕರಾ. ಆ ಜಪಾನದವ್ರು ನಿನ್ನ ಉಪವಾಸ ಕೆಡವತಾರಂತಲ್ಲ? ಕೂಡು ಇಲ್ಲೆ. ಬಿಸಿ ರೊಟ್ಟಿ ಬಡದೀನಿ."

"ಅಜ್ಜಿ, ಮೊದಲು ನಿಮ್ಮ ಬಿಪಿ..."

"ಬಿಪಿ ಎಲ್ಲಿ ಓಡಿ ಹೋಗತದ? ನೀ ತಿನ್ನಲಿಲ್ಲಂದ್ರ ಏರತದ ನೋಡು ಮತ್ತ."

ವೈದ್ಯಧರ್ಮಕ್ಕೆ ಕಟ್ಟುಬಿದ್ದು ದಿವಾಕರ ಕೂತ. ಜೋಳದ ರೊಟ್ಟಿ, ಬದನೆಯ ಎಣಗಾಯಿ, ಮೇಲೆ ಬೆಣ್ಣೆ. ಸಾಕು ಅಂದರೆ ಒಂದು, ಬೇಡ ಅಂದರೆ ಎರಡು. ಕೈಯನ್ನು ತಟ್ಟೆಗೆ ಅಡ್ಡ ಹಿಡಿದರೆ ಅಜ್ಜಿ ಕೈಯ ಮೇಲೇ ರೊಟ್ಟಿ ಇಟ್ಟರು. ಕೊನೆಗೆ ಹಾಲು ತುಪ್ಪ ಸುರಿದ ಸಿಹಿ ಮಾದಲಿ. ಬಿಪಿ ನೋಡಿದಾಗ ಅಜ್ಜಿಯದು ಸರಿಯಾಗಿತ್ತು, ನೋಡಿದವನದೇ ಅನುಮಾನ.

ಮಧ್ಯಾಹ್ನ ಕಳೆದು ಮನೆಗೆ ಬಂದರೆ ವಿಜಯಾ ರೇಷ್ಮೆ ಸೀರೆಯಲ್ಲಿ ಸಿದ್ಧಳಾಗಿದ್ದಳು. "ರಾತ್ರಿಗೆ ಜಾಗ ಇರ್ಲಿ ಅಂತ ಬೆಳಗ್ಗಿಂದ ಒಂದು ಬಾಳೆಹಣ್ಣಲ್ಲೇ ಇದೀನಿ. ನೀವೂ ಏನೂ ತಿಂದಿಲ್ಲ ತಾನೇ?"

"ಛೇ ಛೇ" ಎಂದ ದಿವಾಕರ, ಬೆಲ್ಟಿನ ಕೊನೆಯ ತೂತು ಹುಡುಕುತ್ತಾ.

ಕಾರು ಹೊರಡುವಾಗ ಲೋಕಯ್ಯನವರು ಓಡಿ ಬಂದು ಕಿಟಕಿಯಿಂದ ಕೈ ಹಾಕಿ, "ಆಪತ್ತಿಗೆ ಇರ್ಲಿ" ಎಂದು ಅವನ ಕೋಟಿನ ಜೇಬಿಗೆ ಚಕ್ಕುಲಿಯ ಪೊಟ್ಟಣ ತುರುಕಿದರು.

ಲೀಡ್ಸಿನ ಕಾಲುವೆಯ ಪಕ್ಕ, ಹಿಂದೊಮ್ಮೆ ಉಣ್ಣೆ ಗಿರಣಿಯಾಗಿದ್ದ ಕಟ್ಟಡದಲ್ಲಿ ಆ ಹೋಟೆಲು. ಚಪ್ಪಲಿ ಬೂಟು ಹೊರಗೆ. ಒಳಗೆ ಹುಲ್ಲಿನ ಚಾಪೆ, ಮೊಣಕಾಲೆತ್ತರದ ಮೇಜು, ಗೋಡೆಯಲ್ಲಿ ಒಂದೇ ಒಂದು ಹೂವು. ನೊರಿಕೊ ಬಾಗಿ ನಮಸ್ಕರಿಸಿದರು. ದಿವಾಕರನೂ ಬಾಗಿದ, ಎಷ್ಟು ಸಾಧ್ಯವೋ ಅಷ್ಟು. ಮೆಣಸ್ಕಾಯಿ ಇನ್ನಷ್ಟು ಬಾಗಲು ಬಿಡಲಿಲ್ಲ. ಕೂರುವಾಗ ಜೇಬಿನ ಚಕ್ಕುಲಿ "ಕರಕ್" ಎಂದಿತು. ಎಲ್ಲರೂ ಅವನ ಕಾಲನ್ನೇ ನೋಡಿದರು.

"ಮೊಣಕಾಲೇ?" ಎಂದರು ನೊರಿಕೊ ಗಾಬರಿಯಿಂದ. ಅವರ ಇಂಗ್ಲಿಷಿಗೆ ಅಚ್ಚ ಲೀಡ್ಸಿನ ಎಳೆತ ಇತ್ತು.

"ಹೌದು... ಹಳೇದು" ಎಂದ ದಿವಾಕರ. ತಕ್ಷಣ ಅವನಿಗೊಂದು ಕಾಲಿಲ್ಲದ ಒರಗುಕುರ್ಚಿ ಬಂತು. ಶರ್ವಾಣಿ ಅಪ್ಪನನ್ನು ಕಣ್ಣಲ್ಲೇ ಸುಟ್ಟಳು.

ಊಟ ಶುರುವಾಯಿತು. ಬೀಗರು ಸಸ್ಯಾಹಾರಿಗಳೆಂದು ನೊರಿಕೊ ಮೊದಲೇ ಹೇಳಿ ಎಲ್ಲವನ್ನೂ ತರಕಾರಿಯಲ್ಲೇ ಮಾಡಿಸಿದ್ದರು. ಮೊದಲ ತಟ್ಟೆ ನೋಡಿ ದಿವಾಕರನಿಗೆ ಪ್ರಾಣ ಬಂತು: ಒಂದು ಎಲೆ, ಅದರ ಮೇಲೆ ಎರಡು ಕಾಳು. ಲೋಕಯ್ಯ ಸುಳ್ಳು ಹೇಳಿರಲಿಲ್ಲ. ಆದರೆ ಅದರ ಹಿಂದೆ ಇನ್ನೊಂದು ಬರುತ್ತದೆ, ಅದರ ಹಿಂದೆ ಮತ್ತೊಂದು, ಮದುವೆ ಮನೆಯ ಪಂಕ್ತಿಯ ಹಾಗೆ ಬಡಿಸುವವರ ಸಾಲೇ ಇದೆ ಎಂಬುದನ್ನು ಆ ಪುಣ್ಯಾತ್ಮ ಹೇಳಿರಲಿಲ್ಲ. ಎಳ್ಳಿನ ತೋಫು ಬಂತು. ಮುಚ್ಚಳದ ಬಟ್ಟಲಲ್ಲಿ ಸಾರು ಬಂತು. ಬೆಂದ ಮೂಲಂಗಿ, ಕರಿದ ಅಣಬೆ, ಸುಟ್ಟ ಬದನೆ. ಆ ಬದನೆಯನ್ನು ಕಂಡ ಕೂಡಲೇ ಹೊಟ್ಟೆಯೊಳಗಿದ್ದ ಎಣಗಾಯಿ ಎದ್ದು ನೆಂಟರನ್ನು ಎದುರುಗೊಳ್ಳಲು ಬಂತು.

ಬೇಡ ಎನ್ನುವಂತಿಲ್ಲ, ಬಿಡುವಂತಿಲ್ಲ. ಎದುರಿಗೆ ಮಗಳು ಎರಡೂ ಕೈ ಹೆಣೆದುಕೊಂಡು ಕೂತಿದ್ದಾಳೆ. ಚಿಕ್ಕವಳಿದ್ದಾಗ ಪರೀಕ್ಷೆಯ ದಿನ ಹೀಗೇ ಕೂರುತ್ತಿದ್ದಳು. ಇವಳಿಗಾಗಿ ಹೊಟ್ಟೆ ಒಡೆದರೂ ಸರಿ ಎಂದು ದಿವಾಕರ ನಿಶ್ಚಯಿಸಿದ. ಮೂಲಂಗಿಯ ಚೂರನ್ನು ಕಡ್ಡಿಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಸಾಸಿವೆಯಷ್ಟು ಕಚ್ಚಿದ. ಅಗಿದ. ಅಗಿದೇ ಅಗಿದ. ನುಂಗಿ, ದೀರ್ಘವಾಗಿ ಉಸಿರುಬಿಟ್ಟು, ಜಾಗ ಆಗಲೆಂದು ಗೋಡೆಯ ಹೂವನ್ನೇ ನೋಡುತ್ತ ಕೂತ. ಕಣ್ಣಲ್ಲಿ ನೀರು ತುಂಬಿತು.

ಪಕ್ಕದಲ್ಲಿ ಹಸಿದ ವಿಜಯಾ ಬಂದದ್ದನ್ನೆಲ್ಲ ಗುಳುಂ ಮಾಡಿ, ಮುಂದಿನದಕ್ಕೆ ಬಾಗಿಲು ನೋಡುತ್ತಿದ್ದಳು. ನೊರಿಕೊ ಮಾತ್ರ ದಿವಾಕರನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಅಡುಗೆಯ ಯಜಮಾನರೂ ಪರದೆ ಸರಿಸಿ ಇಣುಕಿ ನೋಡಿ ಹೋದರು.

"ನೋಡು ಕೈಟೊ," ನೊರಿಕೊ ಪಿಸುಗುಟ್ಟಿದರು, "ತಿನ್ನುವುದು ಅಂದರೆ ಹಾಗೆ."

ವಿಜಯಾ ಗಂಡನ ಕಿವಿಯ ಹತ್ತಿರ ಬಾಗಿದಳು. "ಇದೇನ್ರೀ ನಿಮ್ಮ ನಾಟಕ? ಮನೇಲಿ ನಾನು ಮಾಡಿದ್ದನ್ನ ಹೀಗೆ ಒಂದಿನ ತಿಂದಿದ್ರೆ ನಾನು ಎಷ್ಟು ಸಂತೋಷ ಪಡ್ತಿದ್ದೆ!"

ಇಷ್ಟಾದ ಮೇಲೆ ಅನ್ನ ಬಂತು. ಅಣಬೆ ಹಾಕಿ ಮಣ್ಣಿನ ಮಡಕೆಯಲ್ಲೇ ಬೇಯಿಸಿದ ಅನ್ನ. ಮುಚ್ಚಳ ತೆಗೆದು ನೊರಿಕೊ ತಾವೇ ಬಡಿಸಿದರು. ಬಟ್ಟಲು ಚಿಕ್ಕದು, ಆದರೆ ಜಾಗ ಅದಕ್ಕಿಂತ ಚಿಕ್ಕದು. ದಿವಾಕರ ಹೋರಾಡಿದ. ಕೊನೆಯ ಒಂದು ತುತ್ತಿನ ಎದುರು ಸೋತು ಕೈಚೆಲ್ಲಿದ. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. ಶರ್ವಾಣಿಯ ಮುಖ ಬಿಳಿಚಿತು. ಮುಗಿಯಿತು, ಒಂದು ತುತ್ತಿನಲ್ಲಿ ಮಗಳ ಮದುವೆ ಮುರಿಯಿತು ಎಂದುಕೊಂಡ ದಿವಾಕರ.

ನೊರಿಕೊ ಬಟ್ಟಲಿನೊಳಗೆ ನೋಡಿದರು. ಅವರ ದುಬಾರಿ ಮುಖದ ಮೇಲೆ ನಗು ಮೂಡಿತು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇನ್ನೊಮ್ಮೆ ತುಂಬಿ ಅವನ ಮುಂದಿಟ್ಟರು.

ಕ್ಷಮಿಸಿದರು, ಇನ್ನೊಂದು ಅವಕಾಶ ಕೊಟ್ಟರು ಎಂದುಕೊಂಡು ದಿವಾಕರ ಮತ್ತೆ ಇಳಿದ. ಮತ್ತೆ ಅದೇ ಕೊನೆಯ ತುತ್ತು, ಮತ್ತೆ ಅದೇ ಸೋಲು. ನೊರಿಕೊ ಈ ಸಲ ಹಲ್ಲು ಕಾಣುವಂತೆ ನಕ್ಕು ಇನ್ನೂ ಒತ್ತಿ ತುಂಬಿದರು. ಇದೆಂಥ ಶಿಕ್ಷೆ ದೇವರೇ ಎಂದು ಅವನು ಕೈಟೊನ ಕಡೆ ನೋಡಿದ.

ಕೈಟೊ ಬಾಗಿ ಹೇಳಿದ: "ಅಂಕಲ್, ಅಷ್ಟು ಇಷ್ಟ ಆಯ್ತಾ? ಬೇಡ ಅನ್ಸಿದ್ರೆ ಒಂದು ಅಗುಳೂ ಬಿಡದೆ ಖಾಲಿ ಮಾಡಿ. ನಮ್ಮ ಹಿರಿಯರ ಪದ್ಧತೀಲಿ ಒಂದು ತುತ್ತು ಉಳಿಸಿದ್ರೆ ಇನ್ನೂ ಬಡಿಸಿ ಅಂತ ಅರ್ಥ."

ದಿವಾಕರನಿಗೆ ಜ್ಞಾನೋದಯವಾಯಿತು, ಮೂರನೆಯ ಬಟ್ಟಲಿನಲ್ಲಿ. ಉಸಿರು ಬಿಗಿಹಿಡಿದು, ಮಗಳ ಹೆಸರು ಹೇಳಿಕೊಂಡು, ಕೊನೆಯ ಅಗುಳನ್ನೂ ನುಂಗಿದ. ಬಟ್ಟಲು ಫಳಫಳ ಹೊಳೆಯಿತು. ನೊರಿಕೊ ತಲೆಯಾಡಿಸಿ ಮಡಕೆಗೆ ಮುಚ್ಚಳ ಹಾಕಿದರು. ಆ ಮುಚ್ಚಳದ ಸದ್ದಿನಷ್ಟು ಇಂಪಾದ ಸಂಗೀತವನ್ನು ದಿವಾಕರ ಜನ್ಮದಲ್ಲಿ ಕೇಳಿರಲಿಲ್ಲ.

"ಕೈಟೊನ ಅಪ್ಪ ಹೋದ ಮೇಲೆ ಅನ್ನವನ್ನು ಇಷ್ಟು ಪ್ರೀತಿಯಿಂದ ಕೇಳಿ ಕೇಳಿ ಉಂಡವರನ್ನು ನಾನು ನೋಡಿರಲಿಲ್ಲ" ಎಂದರು ನೊರಿಕೊ. "ಇಂಥ ಮನೆಯಲ್ಲಿ ಬೆಳೆದ ಹುಡುಗಿ ನನ್ನ ಮನೆಗೆ ಬರುವುದು ನನ್ನ ಭಾಗ್ಯ. ಇವತ್ತಿನಿಂದ ಶರ್ವಾಣಿ ನನ್ನ ಮಗಳೂ ಹೌದು, ಲವ್" ಎಂದು ಲೀಡ್ಸಿನವರ ರೂಢಿಯ ಅಕ್ಕರೆಯ ಮಾತನ್ನೂ ಸೇರಿಸಿದರು.

ಶರ್ವಾಣಿ ಎದ್ದು ಬಂದು ಅಪ್ಪನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅಷ್ಟು ಗಟ್ಟಿಯಾಗಿ ತಬ್ಬಬಾರದಿತ್ತು, ಆದರೂ ದಿವಾಕರ ಸಹಿಸಿಕೊಂಡ. ಈ ಸಲ ಕಣ್ಣಲ್ಲಿ ಬಂದ ನೀರು ನಿಜವಾಗಿಯೂ ಸಂತೋಷದ್ದು. ವಿಜಯಾಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ದಿವಾಕರ ಬೂಟು ಹಾಕಿಕೊಳ್ಳಲು ಬಗ್ಗಿದ, ಆಗಲಿಲ್ಲ, ಕೈಟೊನೇ ಹಾಕಿದ.

"ಸರಿ, ನಾವಿನ್ನು ಹೊರಡ್ತೀವಿ" ಎಂದ.

"ಹೊರಡುವುದೇ? ಊಟ ಮಾಡದೆ?" ಎಂದರು ನೊರಿಕೊ. "ಇಲ್ಲಿ ತಿಂದದ್ದು ಕಣ್ಣಿಗೆ. ನಿಮ್ಮ ಕಡೆ ಬೀಗರನ್ನು ಹೊಟ್ಟೆ ತುಂಬಿಸದೆ ಕಳಿಸಿದರೆ ಅವಮಾನವಂತಲ್ಲ? ನನಗೆ ಎಲ್ಲ ಗೊತ್ತು. ಒಬ್ಬರು ಹೇಳಿಕೊಟ್ಟಿದ್ದಾರೆ. ಮನೆ ಇಲ್ಲೇ ಹತ್ತಿರ, ಎಲ್ಲ ಸಿದ್ಧವಾಗಿದೆ. ಬನ್ನಿ."

ವಿಜಯಾ "ಅಯ್ಯೋ, ಖಂಡಿತ!" ಎಂದು ಮೊದಲು ಹೊರಟಳು. ಅವಳಿಗೆ ನಿಜಕ್ಕೂ ಹಸಿವು.

ನೊರಿಕೊ ಅವರ ಮನೆಯ ಬಾಗಿಲು ತೆರೆಯುತ್ತಿದ್ದ ಹಾಗೆ ಅನಾನಸ್ ಮೆಣಸ್ಕಾಯಿಯ ಘಮ ಬಂದು ದಿವಾಕರನ ಮುಖಕ್ಕೆ ಬಡಿಯಿತು. ಒಳಗೆ ಊಟದ ಮೇಜಿನ ಮೇಲೆ ಬಾಳೆಲೆಗಳು. ಒಂದು ಕೈಯಲ್ಲಿ ಸೌಟು ಹಿಡಿದು ಚಿತ್ರಾಕ್ಷಿ ನಿಂತಿದ್ದರು, ಪಕ್ಕದಲ್ಲಿ ಅನ್ನದ ಪಾತ್ರೆಯ ಜೊತೆ ಲೋಕಯ್ಯ.

"ಶರ್ವಾಣಿ ನನ್ನ ನಂಬರ್ ಕೊಟ್ಟಿದ್ಲು. ನೊರಿಕೊ ಅವರು ವಾರದಿಂದ ಫೋನ್ ಮಾಡಿ ಮಾಡಿ ಕಲ್ತಿದ್ದಾರೆ" ಎಂದರು ಚಿತ್ರಾಕ್ಷಿ. "ಬನ್ನಿ ಡಾಕ್ಟ್ರೇ, ಹಸಿದು ಹಣ್ಣಾಗಿರ್ತೀರಿ. ಬೆಳಗ್ಗೆ ಉಪ್ಪು ನೋಡಿದ್ದು ನೀವೇ ಅಲ್ವಾ!"

"ನಾನು ಹೇಳಿರಲಿಲ್ವಾ, ಬಟಾಣಿ ಅಂತ?" ಎಂದು ಲೋಕಯ್ಯ ಕಣ್ಣು ಮಿಟುಕಿಸಿದರು.

ದಿವಾಕರ ಕೂತ. ಒಂದು ಸೌಟು ಅನ್ನ, ಮೇಲೆ ಮೆಣಸ್ಕಾಯಿ. ಗಾಬರಿಯಾಗಲಿಲ್ಲ. ಅವನಿಗೀಗ ಉಪಾಯ ಗೊತ್ತಿತ್ತು. ಮೈಯೆಲ್ಲ ಬೆವರುತ್ತಾ, ಒಂದು ಅಗುಳೂ ಉಳಿಯದಂತೆ ಎಲೆಯನ್ನು ಬಳಿದು ಖಾಲಿ ಮಾಡಿ, ಗೆದ್ದ ಠೀವಿಯಲ್ಲಿ ನೊರಿಕೊ ಅವರ ಮುಖ ನೋಡಿದ. ನೊರಿಕೊ ಅರ್ಥವಾಯಿತೆಂಬಂತೆ ತಲೆಯಾಡಿಸಿ ತಮ್ಮ ಸೌಟನ್ನು ಕೆಳಗಿಟ್ಟರು.

"ಅಯ್ಯಯ್ಯೋ, ಡಾಕ್ಟ್ರ ಎಲೆ ಖಾಲಿ ಉಂಟಲ್ಲ! ನೋಡಿಯೇ ಇಲ್ಲ ನಾನು!" ಎಂದು ಚಿತ್ರಾಕ್ಷಿ ಹಿಂದಿನಿಂದ ಬಂದು ಎರಡು ಸೌಟು ಸುರಿದರು.

ದಿವಾಕರ ಅದನ್ನೂ ಉಂಡ. ಈ ಸಲ ಜಾಣತನ ಮಾಡಿ, ಎಲೆ ಖಾಲಿ ಕಾಣದಿರಲೆಂದು ಮೂಲೆಯಲ್ಲಿ ಒಂದು ತುತ್ತು ಉಳಿಸಿದ. ಚಿತ್ರಾಕ್ಷಿ ಅದನ್ನು ನೋಡಿ, ಸಾಕಾಗಿರಬೇಕು ಪಾಪ ಎಂದು ಮುಂದೆ ಹೋದರು.

ಆದರೆ ಮೇಜಿನ ಆ ತುದಿಯಲ್ಲಿ ನೊರಿಕೊ ಆ ತುತ್ತನ್ನು ನೋಡಿದರು. ಅವರ ಮುಖ ಅರಳಿತು. ಎರಡೂ ಕೈಯಲ್ಲಿ ಅನ್ನದ ಪಾತ್ರೆಯನ್ನು ಎತ್ತಿಕೊಂಡು ಎದ್ದು ಬಂದರು.